ಹಸಿರು ಕಾರಿಗೆ ತೊಗಲಿನ ಬಿಲ್ಲೆ

ತಮಿಳು ಸೀಮೆಯ ಹನುಮಂತನಪಟ್ಟಿಯ, ಕನ್ನಡ ಮನೆಮಾತಿನ ಚಿನ್ನಯ್ಯನಿಗೆ ಐವತ್ತು ದಾಟುವ ಹೊತ್ತಿಗೆ ಆಯಾಸವೆಂಬುದು ಪಿತ್ರಾರ್ಜಿತ ಹೊಲದಂತೆ ಆಗಿಹೋಗಿತ್ತು: ದಿನಾ ಹೋಗಿ ವಿಚಾರಿಸಿಕೊಂಡು ಬರಲೇಬೇಕು. ಬೆಳಗ್ಗೆ ಏಳುವಾಗ ಅದು ಕಾಲಿನಲ್ಲಿರುತ್ತಿತ್ತು. ದ್ರಾಕ್ಷಿ ಚಪ್ಪರಕ್ಕೆ ನೀರು ಕಟ್ಟಿ ಬರುವಷ್ಟರಲ್ಲಿ ಸೊಂಟಕ್ಕೇರುತ್ತಿತ್ತು. ಸಂಜೆ ಹೆಂಡತಿ ಪಾಪಮ್ಮಾಳ್ ತನ್ನ ತಮ್ಮನ ಸುದ್ದಿ ಎತ್ತಿದಳೋ, ನೆಟ್ಟಗೆ ತಲೆಗೆ ಹತ್ತಿ ಅಲ್ಲೇ ಬಿಡಾರ ಹೂಡುತ್ತಿತ್ತು.

ಇದೇ ಮನುಷ್ಯ ಒಂದು ಕಾಲದಲ್ಲಿ ಮಹಾರಥಿ. ಅವನ ರಥ ಎಂದರೆ ರೇಕ್ಲಾ ವಂಡಿ. ಎರಡು ಎತ್ತು, ಎರಡು ಚಕ್ರ, ಕೂರುವುದಕ್ಕೆ ಅಂಗೈ ಅಗಲದ ಹಲಗೆ, ಬೀಳುವುದಕ್ಕೆ ಇಡೀ ಭೂಮಂಡಲ. ಕಂಬಂ ಕಣಿವೆಯ ಪಂದ್ಯಗಳಲ್ಲಿ ಉಳಿದವರ ವಂಡಿಗಳು ಡಬ್ಬಾ ಬಡಿದಂತೆ ಗದ್ದಲ ಮಾಡುತ್ತ ಬಂದರೆ, ಚಿನ್ನಯ್ಯನ ವಂಡಿ ಹಾಲು ಕದಿಯಲು ಬಂದ ಬೆಕ್ಕಿನಂತೆ ಸದ್ದಿಲ್ಲದೆ ಬಂದು ಮೊದಲು ಮುಟ್ಟುತ್ತಿತ್ತು. ಅದರ ಗುಟ್ಟು ಒಂದು ಬಿಲ್ಲೆ. ವಂಡಿಯ ಚಕ್ರ ಕಳಚಿಹೋಗದಂತೆ ಅಚ್ಚಿನ ತುದಿಗೆ ಕಡಾಣಿ ಎಂಬ ಕೀಲು ಜಡಿಯುತ್ತಾರಷ್ಟೆ. ಆ ಕಡಾಣಿಗೂ ಚಕ್ರದ ನಡುಭಾಗದ ಗುಂಬಕ್ಕೂ ನಡುವೆ ಬೇರೆಯವರು ಕಬ್ಬಿಣದ ಬಳೆ ಹಾಕಿದರೆ, ಚಿನ್ನಯ್ಯ ಹರಳೆಣ್ಣೆಯಲ್ಲಿ ನೆನೆಸಿದ ಎಮ್ಮೆ ತೊಗಲಿನ ಬಿಲ್ಲೆ ಹಾಕುತ್ತಿದ್ದ. ಕಬ್ಬಿಣ ಕಬ್ಬಿಣವನ್ನು ತಿನ್ನುತ್ತದೆ, ತೊಗಲು ಎರಡನ್ನೂ ಸಮಾಧಾನ ಮಾಡುತ್ತದೆ ಎಂಬುದು ಅವನ ಸಿದ್ಧಾಂತ. ದೇವರ ವಿಷಯದಲ್ಲಿ ಅವನಿಗೆ ಆಗೀಗ ಅನುಮಾನ ಬಂದದ್ದುಂಟು. ತೊಗಲಿನ ವಿಷಯದಲ್ಲಿ ಎಂದೂ ಬಂದಿರಲಿಲ್ಲ.

ಎತ್ತು ಹೋದವು, ವಯಸ್ಸು ಬಂತು. ಆದರೆ ಚಕ್ರ ಇರುವ ಯಾವುದೇ ವಸ್ತು ಕಣಿವೆಯಲ್ಲಿ ಎಲ್ಲಿ ನಿಂತುಹೋದರೂ ನೆಂಟರು ಚಿನ್ನಯ್ಯನಿಗೇ ಹೇಳಿಕಳಿಸುತ್ತಿದ್ದರು. ದ್ರಾಕ್ಷಿ ಲಾರಿ ಓಡಿಸುವುದು ಕಲಿತ, ಜೀಪು ಕಲಿತ, ಕೊನೆಗೆ ಯಾರದೋ ಹೊಲಿಗೆ ಯಂತ್ರದ ಚಕ್ರವನ್ನೂ ಸರಿ ಮಾಡಿಕೊಟ್ಟ. ಹೀಗೆ ಮಹಾರಥಿಯಾಗಿದ್ದವನು ಇಳಿವಯಸ್ಸಿಗೆ ಕುಲಕ್ಕೆಲ್ಲ ಪುಕ್ಕಟೆ ಸಾರಥಿಯಾದ.

ಇನ್ನು ಪಾಪಮ್ಮಾಳಿನ ತಮ್ಮ ದುರೈ. ದಿಂಡಿಗಲ್ಲಿನಲ್ಲಿ ಹದ ಮಾಡಿದ ತೊಗಲಿನ ದಲ್ಲಾಳಿ. ಟಾಕೀಸಿನ ಕತ್ತಲೆಯಲ್ಲೂ ಕಪ್ಪು ಕನ್ನಡಕ ತೆಗೆಯದ ಧೀರ. ಅರವತ್ತರ ದಶಕದ ನಡುವೆ, ಬೆಟ್ಟದ ಮೇಲಿನ ಎಸ್ಟೇಟಿನ ಬಿಳಿ ದೊರೆಯೊಬ್ಬ ಮೂಟೆ ಕಟ್ಟಿ ಊರಿಗೆ ಹೊರಟಾಗ, ದುರೈ ಅವನ ಸ್ಪೋರ್ಟ್ಸ್ ಕಾರನ್ನು ಕೊಂಡ. ಹಸಿರು ಬಣ್ಣ, ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಹಿಂದೆ ಜಾಗವಿಲ್ಲ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಹತ್ತುವವರು ಬಾವಿಗೆ ಇಳಿದಂತೆ ಇಳಿಯಬೇಕು, ಇಳಿಯುವವರನ್ನು ಬಾವಿಯಿಂದ ಸೇದಿದಂತೆ ಸೇದಬೇಕು. ಓಡಿದರೆ ಮಾತ್ರ ಗಾಳಿ. ಆದರೆ ಅದು ಓಡುತ್ತಿದ್ದುದೇ ಅಪರೂಪ, ಏಕೆಂದರೆ ಚಕ್ರಗಳು ತುಕ್ಕು ಹಿಡಿದು ಬಿರುಕು ಬಿಟ್ಟಿದ್ದವು. ಹೊರದೇಶದ ಸಾಮಾನು ಬರುವುದು ನಿಂತಿದ್ದ ಕಾಲ. ದುರೈ ಮಧುರೆಯ ಹಳೇ ಟ್ಯಾಕ್ಸಿಯೊಂದರ ಚಕ್ರಗಳನ್ನು ತಂದು ಹೊಂದಿಸಿದ. ಬೋಲ್ಟಿನ ತೂತುಗಳೇನೋ ಜಾತಕ ಕೂಡಿದಂತೆ ಕೂಡಿದವು. ಸಂಸಾರ ಮಾತ್ರ ಕೂಡಲಿಲ್ಲ. ಟ್ಯಾಕ್ಸಿಯ ಚಕ್ರ ತೀರಾ ಒಳಗೆ ಹೋಗಿ ಕೂತು, ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಮುಂದಿನೆರಡು ಚಕ್ರಗಳು ಒಳಗಿನ ಸರಳಿಗೆ ಕರ್ರೆಂದು ಉಜ್ಜುತ್ತಿದ್ದವು. ಚಕ್ರವನ್ನು ಒಂದಿಷ್ಟು ಹೊರಗೆ ತಳ್ಳಲು ಗುಂಬಕ್ಕೂ ಚಕ್ರಕ್ಕೂ ನಡುವೆ ಒಂದು ದಪ್ಪ ಬಿಲ್ಲೆ ಇಡಬೇಕು, ಅದಕ್ಕೆ ಸ್ಪೇಸರ್ ಅನ್ನುತ್ತಾರೆ ಎಂದು ಯಾರೋ ಹೇಳಿದರು. ದುರೈ ಒಬ್ಬ ಬೀಗದ ಆಚಾರಿಯಿಂದ ಕಬ್ಬಿಣದ ಎರಡು ಬಿಲ್ಲೆ ಕಡಿಸಿ, ಉದ್ದನೆಯ ಬೋಲ್ಟುಗಳನ್ನೂ ಹಾಕಿಸಿ, ಬಾವ ಬಂದು ಜೋಡಿಸಲಿ ಎಂದು ಕಾದು ಕೂತ.

ಬಾವ ಹೋಗಲೇಬೇಕಾಗಿತ್ತು. ಮಗಳು ಸುಬ್ಬುಲಕ್ಷ್ಮಿಯ ಮದುವೆ ಗೊತ್ತಾಗಿತ್ತು. ಗಂಡು ತೇನಿಯ ಪಕ್ಕದ ಹಳ್ಳಿಯ ಜೆಯರಾಜ್. ಆ ಮನೆತನಗಳಲ್ಲಿ ಒಂದು ಕಟ್ಟುಪಾಡು. ಮದುವೆಯ ಹಿಂದಿನ ಸಂಜೆ ಗಂಡಿನ ಕಡೆಯವರು ಬರುವಾಗ ಹೆಣ್ಣಿನ ತಂದೆ ಮತ್ತು ತಾಯ್‌ಮಾಮ, ಅಂದರೆ ತಾಯಿಯ ತಮ್ಮ, ಇಬ್ಬರೂ ಜೊತೆಯಾಗಿ ಊರ ಎಲ್ಲೆಯಲ್ಲಿ ನಿಂತು ಕಾಲಿಗೆ ನೀರು ಕೊಟ್ಟು, ಬಾಯಿಗೆ ಸಿಹಿ ಕೊಟ್ಟು ಎದುರುಗೊಳ್ಳಬೇಕು. ಆ ಮೇಲೆ ತಾಯ್‌ಮಾಮನ ಸೀರೆ ಹುಡುಗಿಯ ಕೈಗೆ ಬೀಳಬೇಕು. ಇಬ್ಬರಲ್ಲಿ ಒಬ್ಬ ಇಲ್ಲದಿದ್ದರೂ ಬಂದವರು ಎಲ್ಲೆ ದಾಟುವುದಿಲ್ಲ. ಹಿಂದಿನ ವರ್ಷ ನೆಂಟರ ಪೈಕಿ ಪೇಚ್ಚಿಯಮ್ಮಾಳಿನ ಮಗಳ ಮದುವೆಯಲ್ಲಿ ಮಾಮ ತಡವಾಗಿ ಬಂದ. ಗಂಡಿನ ಕಡೆಯವರು ನಿಂತ ಕಾಲಲ್ಲೇ ತಿರುಗಿಹೋದರು. ಆ ಹುಡುಗಿ ಇನ್ನೂ ಮನೆಯಲ್ಲೇ ಇದ್ದಳು.

"ನನ್ನ ತಮ್ಮ ಕಾರಲ್ಲೇ ಬತ್ತಾನಂತೆ, ನೀ ಹೋಗಿ ಕೂಟ್ಕೊಂಡು ಬಾ," ಎಂದಳು ಪಾಪಮ್ಮಾಳ್.

"ಕಲ್ಯಾಣದ ಮನೇಲಿ ಹೆಣ್ಣಿನಪ್ಪನೇ ಇಲ್ದಿದ್ರೆ ಹೆಂಗಮ್ಮಾ?"

"ನೀ ಇದ್ದು ಕಿಸಿಯೋದು ಏನೈತೆ? ನೆಲ್ಲಿನ ಮೂಟೆ ಒರಗ್ಕೊಂಡು ತೂಕಡಿಸ್ತೀಯ. ಅದ ದಿಂಡಿಗಲ್ಲಲ್ಲೇ ತೂಕಡಿಸು, ಬರೋವಾಗ ಅವನ ಕರ್ಕೊಂಡು ಬಾ."

ಸುಬ್ಬುಲಕ್ಷ್ಮಿ ಬಾಗಿಲವರೆಗೂ ಬಂದಳು. ಅರಿಸಿನ ಹಚ್ಚಿದ ಕೈಯಿಂದ ಅಪ್ಪನ ಅಂಗಿಯ ಗುಂಡಿ ಹಾಕುತ್ತ, "ಅಪ್ಪಾ, ಪೇಚ್ಚಿ ಅತ್ತೆ ಮಗಳ ತರ ನನ್ನ ಮಾಡ್ಬುಡಬ್ಯಾಡ. ಎದುರ್ಗೊಳ್ಳೋ ದಿನ ಹೊತ್ತು ಮುಳುಗೋಕೆ ಮುಂಚೆ ಬಂದ್ಬುಡು," ಎಂದಳು. ಅವಳ ದನಿ ತಮಾಷೆಯದಾಗಿತ್ತು, ಬೆರಳುಗಳು ಆಗಿರಲಿಲ್ಲ.

ದಿಂಡಿಗಲ್ಲಿನಲ್ಲಿ ಚಿನ್ನಯ್ಯ ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಆಚಾರಿ ಕಡಿದ ಕಬ್ಬಿಣದ ಬಿಲ್ಲೆಗಳನ್ನು ಎತ್ತಿ ನೋಡಿದ. ಅವನ ಮುಖದಲ್ಲಿ, ಅನ್ನದಲ್ಲಿ ಕಲ್ಲು ಸಿಕ್ಕವನ ಭಾವ ಮೂಡಿತು.

"ಯಾರ್ಲಾ ಇದ ಹೇಳ್ಕೊಟ್ಟೋರು? ಇರುಂಬಿಗೆ ಇರುಂಬು ಇಟ್ರೆ ಎರಡೂ ಕಚ್ಚಾಡಿ ಸಾಯ್ತವೆ. ತೋಲು ಹಾಕು, ತೋಲು!"

"ತೋಲಾ ಬಾವ?" ದುರೈ ಕನ್ನಡಕವನ್ನು ಹಣೆಗೆ ಏರಿಸಿದ. ತೊಗಲಿನ ವ್ಯಾಪಾರಿಗೆ ಯಾರಾದರೂ ತೊಗಲು ಬೇಡವೆಂದರೆ ಅನುಮಾನ ಬರಬಹುದು, ಬೇಕೆಂದರೆ ಬರುವುದು ಹೇಗೆ? "ನಮ್ಮ ಗೋಡೌನಲ್ಲಿ ಎಮ್ಮೆ ತೋಲು ಐತೆ ನೋಡು, ಆನೆ ಮೇಲೆ ನಿಂತ್ರೂ ಬಗ್ಗಲ್ಲ!"

ಹೀಗೆ ರೇಕ್ಲಾ ಶಾಸ್ತ್ರವೂ ತೊಗಲಿನ ವ್ಯಾಪಾರವೂ ಒಂದಾಗಿ, ಇಂಗ್ಲಿಷರು ಕನಸಿನಲ್ಲೂ ಕಂಡಿರದ ಒಂದು ಸ್ಪೇಸರ್ ಅವತರಿಸಿತು. ಪದರದ ಮೇಲೆ ಪದರ ಇಟ್ಟು ಹೊಲಿದ ಎಮ್ಮೆ ತೊಗಲಿನ ಬಿಲ್ಲೆಗಳು ಹರಳೆಣ್ಣೆಯಲ್ಲಿ ಅಭ್ಯಂಜನ ಮಾಡಿ ಚಕ್ರದ ಹಿಂದೆ ಕೂತವು. ಸ್ಟೇರಿಂಗ್ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಕರ್ ಎನ್ನಲಿಲ್ಲ. ಕಬ್ಬಿಣದ ಬಿಲ್ಲೆಗಳನ್ನು ದುರೈ ಮೋಟು ಗೋಡೆಯ ಮೇಲೆ ಬಿಸಾಕಿದ. ಬಾವ-ಮೈದುನ ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು.

ಮದುವೆಯ ಹಿಂದಿನ ದಿನ ಬೆಳಗ್ಗೆ ಹೊರಟರು. ಚಿನ್ನಯ್ಯ ಸ್ಟೇರಿಂಗಿಗೆ, ದುರೈ ಪಕ್ಕಕ್ಕೆ. ಹಿಂದೆ ಜಾಗವಿಲ್ಲದ್ದರಿಂದ ತಾಯ್‌ಮಾಮನ ಸೀರು ಎಂಬ ಉಡುಗೊರೆಗಳೆಲ್ಲ, ಅಂದರೆ ಚಿನ್ನಾಳಪಟ್ಟಿಯ ಮಾವಿನಹಣ್ಣಿನ ಬಣ್ಣದ ಸೀರೆ, ಹಿತ್ತಾಳೆ ಚೊಂಬು, ಕಲ್ಲುಸಕ್ಕರೆ, ಸಿರುಮಲೆಯ ಬಾಳೆಹಣ್ಣಿನ ಗೊನೆ, ದುರೈಯ ತೊಡೆಯ ಮೇಲೆ ಕೂತವು. ಗೊನೆಯ ಮೇಲಿಂದ ಕಪ್ಪು ಕನ್ನಡಕ ಮಾತ್ರ ಕಾಣುತ್ತಿತ್ತು.

ಬತ್ತಲಗುಂಡು ಬರುವಷ್ಟರಲ್ಲಿ ಮುಂದಿನ ಎಡಚಕ್ರ ಕುಡಿದವನಂತೆ ತೂರಾಡತೊಡಗಿತು. ಚಿನ್ನಯ್ಯ ಇಳಿದು ನೋಡಿದರೆ ನಟ್ಟುಗಳೆಲ್ಲ ಸಡಿಲ. ಸ್ಪಾನರಿಗೆ ಮೈಭಾರ ಕೊಟ್ಟು ಬಿಗಿದ. ಸ್ವಲ್ಪ ದೂರ ಹೋದರೆ ಬಲಚಕ್ರ. ಅದನ್ನೂ ಬಿಗಿದ. ಪೆರಿಯಕುಳಂ ದಾಟುವಷ್ಟರಲ್ಲಿ ಪ್ರಯಾಣಕ್ಕಿಂತ ಬಿಗಿಯುವುದೇ ಹೆಚ್ಚಾಗಿ, ಬೆಳಗ್ಗೆ ಹಿಂದೆ ಬಿಟ್ಟ ಹುಲ್ಲಿನ ವಂಡಿಯವನು ಅವರನ್ನು ದಾಟಿ ಹೋಗುತ್ತ ಕೈ ಬೀಸಿದ.

ತೇನಿಯ ಹತ್ತಿರ ಚಕ್ರದ ಪಕ್ಕ ಮಂಡಿಯೂರಿದ್ದಾಗ ಚಿನ್ನಯ್ಯನಿಗೆ ಸತ್ಯ ಹೊಳೆಯಿತು. ಹೊಳೆದಾಗ ಅವನ ಬೆನ್ನಿನಲ್ಲಿ ಹರಳೆಣ್ಣೆ ಹರಿದಂತಾಯಿತು. ವಂಡಿಯ ಚಕ್ರ ಅಚ್ಚಿನ ಮೇಲೆ ಸ್ವತಂತ್ರವಾಗಿ ತಿರುಗಬೇಕು, ಅಲ್ಲಿ ಬಿಲ್ಲೆ ಮೆತ್ತಗಿದ್ದರೇ ಚೆಂದ. ಕಾರಿನ ಚಕ್ರ ಗುಂಬಕ್ಕೆ ಒಂದೇ ಮೈಯಾಗಿ ಬಿಗಿದುಕೊಂಡಿರಬೇಕು. ನಡುವೆ ಮೆತ್ತನೆಯದು ಇದ್ದರೆ ಅದು ಕುಗ್ಗುತ್ತದೆ, ಕುಗ್ಗಿದರೆ ನಟ್ಟು ಸಡಿಲ, ಬಿಗಿದರೆ ಇನ್ನೂ ಕುಗ್ಗುತ್ತದೆ. ಒಂದೊಂದು ಸಲ ಬಿಗಿದಾಗಲೂ ಚಕ್ರ ಒಳಗೆ ಒಳಗೆ ಹೋಗುತ್ತಿದೆ. ಬಿಲ್ಲೆ ಹಪ್ಪಳವಾದ ದಿನ ಸ್ಟೇರಿಂಗ್ ತಿರುಗುವುದಿಲ್ಲ. ಆ ದಿನ ಇವತ್ತೇ.

"ಆ ಇರುಂಬು ಬಿಲ್ಲೆ ತಂದಿದ್ದೀಯೇನಪ್ಪಾ?" ಎಂದು ಮೆಲ್ಲಗೆ ಕೇಳಿದ.

"ಅದ್ಯಾಕೆ ಬಾವ? ಗೋಡೆ ಮ್ಯಾಲೆ ಐತೆ."

ಚಿನ್ನಯ್ಯ ಸ್ಪಾನರನ್ನು ಒರೆಸಿಟ್ಟು ಸ್ಟೇರಿಂಗಿಗೆ ಬಂದು ಕೂತ. ಮಗಳ ಬೆರಳುಗಳು ಅವನ ಅಂಗಿಯ ಗುಂಡಿಯ ಮೇಲೆ ಇನ್ನೂ ಇದ್ದಂತೆ ಅನ್ನಿಸಿತು. ಅಲ್ಲಿಂದ ಮುಂದೆ ಅವನು ಕಾರನ್ನು ಓಡಿಸಿದ ರೀತಿಗೆ ಸಾರಥ್ಯ ಎನ್ನುವುದಕ್ಕಿಂತ ತಪಸ್ಸು ಎನ್ನುವುದೇ ಮೇಲು. ಚಕ್ರ ಉಜ್ಜುವುದು ತಿರುಗಿದಾಗ ಮಾತ್ರ. ಆದ್ದರಿಂದ ತಿರುಗಬಾರದು. ವೀರಪಾಂಡಿಯಿಂದಾಚೆಯ ರಸ್ತೆಯೋ ನದಿಯ ನೆಂಟ, ಬಳುಕದೆ ಹೋಗದು. ಚಿನ್ನಯ್ಯ ಬಳುಕನ್ನೆಲ್ಲ ಗೆರೆ ಎಳೆದಂತೆ ಸೀಳಿಕೊಂಡು, ಒಮ್ಮೆ ರಸ್ತೆಯ ಈ ಅಂಚು, ಒಮ್ಮೆ ಆ ಅಂಚು ಮುಟ್ಟುತ್ತ, ಎದುರು ಬಂದವರ ಬಾಯಿಂದ ತನ್ನ ಮೂರು ತಲೆಮಾರಿನ ಸಮಾಚಾರ ಕೇಳಿಸಿಕೊಳ್ಳುತ್ತ ಹೋದ. ಭುಜ ಕಳಚಿಕೊಂಡು ಬರುತ್ತಿತ್ತು. ಕಣ್ಣಿಗೆ ಧೂಳು ತುಂಬಿತ್ತು.

ಚಿನ್ನಮನೂರು ಕಳೆದ ಮೇಲೆ ಕಾಲುವೆಯ ಪಕ್ಕ ರಸ್ತೆ ಎಡಕ್ಕೆ ತಿರುಗಿತು. ಕಾರು ತಿರುಗಲಿಲ್ಲ. ಸುಟ್ಟ ತೊಗಲಿನ ವಾಸನೆ ಬಂತು, ಕರ್ರ್ ಎಂದು ಒಂದು ದೀರ್ಘ ನಿಟ್ಟುಸಿರು ಬಂತು, ಬ್ರಿಟಿಷ್ ಸಾಮ್ರಾಜ್ಯದ ಸೂರ್ಯನಂತೆ ಹಸಿರು ಕಾರು ಗಂಭೀರವಾಗಿ ಗದ್ದೆಗೆ ಇಳಿದು ಕೆಸರಿನಲ್ಲಿ ಮೂಗು ಊರಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಬಾಳೆಗೊನೆ ಮಾತ್ರ ದುರೈಯ ಗಲ್ಲಕ್ಕೆ ಒಂದು ಕೊಟ್ಟಿತು.

"ಬಾವ, ಏನಾಯ್ತು?"

"ತಪ್ಪು ನಂದು ಕಣಪ್ಪಾ. ತೋಲು ಹಾಕು ಅಂದೋನು ನಾನು. ವಂಡಿಗೆ ಹಾಕೋದ ಕಾರಿಗೆ ಹಾಕ್ಬುಟ್ಟೆ." ಹೊತ್ತು ಪಡುವಣ ಬೆಟ್ಟದ ಭುಜಕ್ಕೆ ತಾಗಿತ್ತು. "ಸೀರೆ ತಕ್ಕೊ, ಇಳಿ. ನಡೀಬೇಕು."

"ಕಾರ್ ಬುಟ್ಟಾ? ನಾ ಬರಲ್ಲ. ಯಾರಾದ್ರೂ ಹೊತ್ಕೊಂಡು ಹೋದ್ರೆ?"

"ಹೊತ್ಕೊಂಡು ಹೋಗೋನು ಸಿಕ್ಕಿದ್ರೆ ಅವನ ಕಾಲಿಗೆ ಬೀಳ್ತೀನಿ! ಇಳಿಯೋ!"

ಇಪ್ಪತ್ತೈದು ವರ್ಷದಲ್ಲಿ ಬಾವ ಕೂಗಿದ್ದನ್ನು ದುರೈ ಕೇಳಿದ್ದು ಅದೇ ಮೊದಲು. ಸೀರನ್ನೆಲ್ಲ ಅಪ್ಪಿಕೊಂಡು ಕೆಸರಿಗೆ ಇಳಿದ. ಇಬ್ಬರೂ ರಸ್ತೆಗೆ ಹತ್ತುವುದಕ್ಕೂ, ಹಿಂದಿನಿಂದ ಮಾವಿನ ಎಲೆ ಕಟ್ಟಿದ ಬಸ್ಸೊಂದು ಹಾರನ್ ಬಾರಿಸುತ್ತ ಬರುವುದಕ್ಕೂ ಸರಿಹೋಯಿತು. ಕಿಟಕಿಗಳ ತುಂಬ ಹೊಸ ಸೀರೆ, ಹೊಸ ವೇಷ್ಟಿ, ಗುರುತಿನ ಮುಖಗಳು. ಗಂಡಿನ ಕಡೆಯವರು!

ಬಸ್ಸು ನಿಂತಿತು. ಡ್ರೈವರು ತಲೆ ಹೊರಹಾಕಿ ಗದ್ದೆಯನ್ನು ನೋಡಿ, "ಎನ್ನಯ್ಯಾ ಇದು, ಕಾರಾ, ಕಟ್ಟಿಲಾ?" ಎಂದು ತಮಿಳಿನಲ್ಲಿ ಕೇಳಿದ. ಅಷ್ಟು ತಗ್ಗಾದದ್ದು ಕಾರೋ ಮಲಗುವ ಮಂಚವೋ ಎಂಬ ಅವನ ಅನುಮಾನಕ್ಕೆ ಬಸ್ಸಿಗೆ ಬಸ್ಸೇ ನಕ್ಕಿತು. ನಗದೆ ಉಳಿದದ್ದು ಮುಂದಿನ ಕಿಟಕಿಯ ಒಂದು ಮುಖ. ಗಂಡಿನ ಅಜ್ಜಿ ವೀರಮ್ಮಾಳ್. ಆ ಮನೆಯಲ್ಲಿ ಯಾರು ಎಲ್ಲೆ ದಾಟಬೇಕು, ಯಾರು ದಾಟಬಾರದು ಎಂದು ತೀರ್ಪು ಕೊಡುವ ನಾಲಗೆ ಅವಳದು.

"ಯಾರದು? ನಮ್ಮ ಸಂಬಂಧಿ, ಹೆಣ್ಣಿನಪ್ಪ ಅಲ್ಲವಾ? ನೀನ್ಯಾಕಪ್ಪಾ ಇಲ್ಲಿದ್ದೀಯಾ? ಎಲ್ಲೇಲಿ ಯಾರವ್ರೆ ನಮ್ಮ ಎದುರ್ಗೊಳ್ಳೋಕೆ?"

"ಯಾರೂ ಇಲ್ಲ ತಾಯೀ," ಎಂದ ಚಿನ್ನಯ್ಯ.

ಬಸ್ಸಿನೊಳಗೆ ಗುಸುಗುಸು ಎದ್ದಿತು. "ಪೇಚ್ಚಿಯಮ್ಮಾಳ್ ಮನೆ ತರಾನೇ," ಎಂದು ಒಬ್ಬಳು. "ಬಾ ಹತ್ತು, ಜೊತೇಲೇ ಹೋಗಾಣ," ಎಂದು ಮೆದುಹೃದಯದ ಒಬ್ಬ. "ಹೆಣ್ಣಿನಪ್ಪ ನಮ್ಮ ಬಸ್ಸಲ್ಲಿ ಬಂದು ನಮ್ಮನ್ನೇ ಎದುರ್ಗೊಳ್ಳೋದಾ? ಊರು ನಗಲ್ವಾ?" ಎಂದು ಮೂರನೆಯವನು. ಮುಂದೆ ಹೋಗಿ ಕಾಯುವುದೋ, ಹಿಂದಕ್ಕೆ ತಿರುಗುವುದೋ ಎಂಬಲ್ಲಿಗೆ ಮಾತು ಬಂದು ನಿಂತಿತು.

ಚಿನ್ನಯ್ಯ ರಸ್ತೆಯ ಉದ್ದಕ್ಕೂ ನೋಡಿದ. ಊರ ಎಲ್ಲೆಯ ಹುಣಸೆಮರ ಕಣ್ಣಿಗೂ ಕಾಣುವಷ್ಟು ಹತ್ತಿರವಿರಲಿಲ್ಲ. ಓಡಿ ಮುಟ್ಟುವ ಕಾಲು ಅವನಲ್ಲಿರಲಿಲ್ಲ. ನಿಂತಿರುವುದಕ್ಕೇ ಇಡೀ ಮೈಯ ಸಹಕಾರ ಬೇಕಾಗಿತ್ತು. ಆಗ ಆಯಾಸವೇ ಅವನಿಗೆ ಬುದ್ಧಿ ಹೇಳಿತೋ ಏನೋ, ಅವನು ಬಸ್ಸಿನ ಎದುರಿಗೆ ಹೋಗಿ, ದುರೈಯನ್ನು ತೋಳು ಹಿಡಿದು ಎಳೆದು ಪಕ್ಕದಲ್ಲಿ ನಿಲ್ಲಿಸಿಕೊಂಡ.

"ಎಲ್ಲೆ ಇಲ್ಲೇ," ಎಂದ.

"ಏನು?" ಎಂದಳು ವೀರಮ್ಮಾಳ್. "ನಿಮ್ಮೂರ ಎಲ್ಲೆ ಎಲ್ಲೈತೆ ಅಂತ ನನಗೆ ತೆರಿಯಲ್ವಾ? ಹುಣಸೆ ಮರದ ತಾವ!"

"ಮರ ಅಲ್ಲೈತೆ, ತಾಯೀ. ಆ ಮರ ನಿಮ್ಮ ಕಾಲಿಗೆ ನೀರು ಕೊಡ್ತದಾ? ಹೆಣ್ಣಿನಪ್ಪ ನಾನು. ತಾಯ್‌ಮಾಮ ಇವ್ನು. ನಾವಿಬ್ರೂ ಕೂಡಿ ನಿಂತ ಜಾಗವೇ ಎಲ್ಲೆ. ಇನ್ನು ಒಂದು ಹೆಜ್ಜೆ ಎತ್ತಕ್ಕೂ ನನ್ನ ಕೈಲಾಗಲ್ಲ. ಬ್ಯಾಡಾಂದ್ರೆ ಬಸ್ಸ ನನ್ನ ಮ್ಯಾಲೆ ಹತ್ಸಿ, ಹಂಗಾದ್ರೂ ಮಲಗ್ತೀನಿ."

ವೀರಮ್ಮಾಳ್ ಅವನನ್ನು ಮೇಲಿಂದ ಕೆಳಗೆ ನೋಡಿದಳು: ತಲೆಯಲ್ಲಿ ಧೂಳು, ಮೊಣಕೈವರೆಗೆ ಹರಳೆಣ್ಣೆ, ಮೊಣಕಾಲವರೆಗೆ ಕೆಸರು. ಆಮೇಲೆ ತನ್ನ ಕಾಲನ್ನು ನೋಡಿಕೊಂಡಳು. ಬಸ್ಸಿನ ಹಲಗೆಯ ಮೇಲೆ ಮಧ್ಯಾಹ್ನದಿಂದ ಕೂತು ಅದು ಕುಂಬಳಕಾಯಿಯಾಗಿತ್ತು.

"ನನಗೂ ಕಾಲು ಜೋಮು ಹಿಡ್ದೈತೆ," ಎಂದಳು. "ನೀರು ಎಲ್ಲಪ್ಪಾ?"

ತೀರ್ಪು ಬಿತ್ತು. ಜನ ಇಳಿದರು. ದುರೈ ಹಿತ್ತಾಳೆ ಚೊಂಬಿನಲ್ಲಿ ಕಾಲುವೆ ನೀರು ತಂದ. ಕಪ್ಪು ಕನ್ನಡಕ ಬಿದ್ದುಹೋಗದಿರಲೆಂದು ತೆಗೆದು ಜೇಬಿಗೆ ಹಾಕಿಕೊಂಡಾಗ, ಅವನಿಗೂ ಎಲ್ಲರಂತೆ ಎರಡು ಕಣ್ಣಿರುವುದನ್ನು ಬಂಧುವರ್ಗ ಕಂಡಿತು. ಕಾಲಿಗೆ ನೀರಾಯಿತು, ಬಾಯಿಗೆ ಕಲ್ಲುಸಕ್ಕರೆಯಾಯಿತು. ಸಿರುಮಲೆಯ ಬಾಳೆಹಣ್ಣು ಒಂದೂ ಉಳಿಯಲಿಲ್ಲ, ಡ್ರೈವರಿಗೂ ಸಿಕ್ಕಿತು. ಗಂಡು ಜೆಯರಾಜ್ ತಲೆ ತಗ್ಗಿಸಿ ನಿಂತಿದ್ದವನು, ಮಾವನ ಕೈಯಿಂದ ಸಕ್ಕರೆ ತೆಗೆದುಕೊಳ್ಳುವಾಗ ಮೆಲ್ಲಗೆ, "ಮಾವಾ, ಎಣ್ಣೆ ವಾಸನೆ ಬತ್ತೈತೆ," ಎಂದ.

"ಹರಳೆಣ್ಣೆ. ಹೊಟ್ಟೆಗೆ ಒಳ್ಳೇದು. ತಿನ್ನು ಮಾಪಿಳ್ಳೆ," ಎಂದ ಚಿನ್ನಯ್ಯ.

ಎದುರುಗೊಂಡ ಮೇಲೆ ಎರಡು ಕಡೆಯವರೂ ಒಂದೇ ಕಡೆ. ಈಗ ಬಸ್ಸು ಹತ್ತುವುದಕ್ಕೆ ಯಾವ ಕಟ್ಟುಪಾಡಿನ ಅಡ್ಡಿಯೂ ಇರಲಿಲ್ಲ. ಹುಣಸೆಮರದ ಬಳಿ ಹೆಂಗಸರ ನಡುವೆ ದೀಪ ಹಿಡಿದು, ಗಂಡನನ್ನೂ ತಮ್ಮನನ್ನೂ ಒಂದೇ ಉಸಿರಿನಲ್ಲಿ ಬೈದುಕೊಳ್ಳುತ್ತ ನಿಂತಿದ್ದ ಪಾಪಮ್ಮಾಳ್, ಅವರಿಬ್ಬರೂ ಗಂಡಿನ ಬಸ್ಸಿನಿಂದಲೇ ಇಳಿಯುವುದನ್ನು ಕಂಡು ಬಿಳಿಚಿಹೋದಳು.

"ಅಯ್ಯೋ ಸಾಮೀ! ಮಾನ ಕಳೆದ್ರಲ್ಲಾ!"

"ಏನೂ ಕಳೆದಿಲ್ಲ, ಬುಡು ತಾಯೀ," ಎಂದಳು ವೀರಮ್ಮಾಳ್. "ನಿನ್ನ ಗಂಡ ಎಲ್ಲೇನ ಚಿನ್ನಮನೂರ್ ತನಕ ತಳ್ಕೊಂಡು ಬಂದು ಎದುರ್ಗೊಂಡ. ಇಷ್ಟು ದೂರ ಬಂದು ಎದುರ್ಗೊಂಡ ಸಂಬಂಧೀನ ನಾ ಕಂಡಿಲ್ಲ. ದೀಪ ಎತ್ತು, ಒಳಕ್ಕೆ ಹೋಗಾಣ."

ಪಾಪಮ್ಮಾಳ್ ದೀಪ ಎತ್ತಿದಳು. ಆ ರಾತ್ರಿ ಮಾವಿನಹಣ್ಣಿನ ಬಣ್ಣದ ಸೀರೆ ದುರೈಯ ಕೈಯಿಂದ ಸುಬ್ಬುಲಕ್ಷ್ಮಿಯ ಕೈಗೆ ಬಂತು. ಅವಳು ಅದನ್ನು ಎದೆಗೆ ಒತ್ತಿಕೊಂಡು, ಜನರ ನಡುವೆ ಅಪ್ಪ ಎಲ್ಲಿ ಎಂದು ಹುಡುಕಿದಳು.

ಮರುದಿನ ಬೆಳಗ್ಗೆ ಮುಹೂರ್ತ. ಧಾರೆ ನೀರು ಬಿಡಲು ಚೊಂಬು ಎತ್ತಿದ ಚಿನ್ನಯ್ಯನ ಕೈ ಗಡಗಡ ನಡುಗಿತು. ಮಗಳನ್ನು ಕಳಿಸುವ ಸಂಕಟ ಎಂದು ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ನಟ್ಟು ಬಿಗಿದು ಬಿಗಿದು ತೋಳು ಸತ್ತುಹೋಗಿದೆ ಎಂದು ಅವನು ಯಾರಿಗೂ ಹೇಳಲಿಲ್ಲ. ನೀರು ಚೆಲ್ಲುವುದರಲ್ಲಿತ್ತು. ಸುಬ್ಬುಲಕ್ಷ್ಮಿ ತಲೆ ತಗ್ಗಿಸಿದ್ದಂತೆಯೇ ಒಂದು ಕೈ ಬಿಡಿಸಿಕೊಂಡು, ಕೆಳಗಿನಿಂದ ಅಪ್ಪನ ಮಣಿಕಟ್ಟನ್ನು ಹಿಡಿದಳು. ಆಗ ಮಾತ್ರ ಅವನ ಕಣ್ಣು ನಿಜವಾಗಿ ತುಂಬಿತು. ನೀರು ಜೆಯರಾಜನ ಕೈಗೆ ನೆಟ್ಟಗೆ ಬಿತ್ತು.